ವಿದೇಶಕ್ಕೆ ಹೊರಟಿರಾ? ರೋಮಿಂಗ್ ಮನೆಯಲ್ಲೇ ಸರಿಮಾಡಿಕೊಳ್ಳಿ

ಮಗಳ ಬಾಣಂತನಕ್ಕೆ ಅಮೆರಿಕಕ್ಕೋ ಮಗನ ಮನೆಗೆ ದುಬೈಗೋ ಹೊರಡುವವರು ಚಟ್ನಿಪುಡಿ, ಮಾತ್ರೆ, ಸ್ವೆಟರ್ ಎಲ್ಲವನ್ನೂ ಪಟ್ಟಿ ಮಾಡಿ ತುಂಬಿಕೊಳ್ಳುತ್ತಾರೆ. ಫೋನಿನ ಕಡೆ ಮಾತ್ರ ಯಾರೂ ನೋಡುವುದಿಲ್ಲ. ಅಲ್ಲಿ ಇಳಿದ ಕೂಡಲೇ ಅದು ಒಂದೋ ಸಿಕ್ಕಿದ ನೆಟ್‌ವರ್ಕ್ ಹಿಡಿದು ದುಬಾರಿ ಡೇಟಾ ಎಳೆಯುತ್ತದೆ, ಇಲ್ಲವೇ ಸತ್ತಂತೆ ಸುಮ್ಮನಾಗುತ್ತದೆ. ಎರಡನ್ನೂ ತಪ್ಪಿಸಬಹುದು. ಭಾರತದ ನಂಬರ್ ಜೀವಂತವಾಗಿರಬೇಕು, ಡೇಟಾ ಮಾತ್ರ ಬೇರೆ ದಾರಿಯಿಂದ ಬರಬೇಕು. ಉಳಿದದ್ದೆಲ್ಲ ಇದಕ್ಕಾಗಿಯೇ.

1. ಅಂತಾರಾಷ್ಟ್ರೀಯ ರೋಮಿಂಗ್ ಬೇರೆ, ಡೇಟಾ ರೋಮಿಂಗ್ ಬೇರೆ. ಮೊದಲನೆಯದನ್ನು ಮೊಬೈಲ್ ಕಂಪನಿ ನಿಮ್ಮ ಸಿಮ್‌ಗೆ ಚಾಲೂ ಮಾಡಿಕೊಡಬೇಕು. ಅದಿಲ್ಲದಿದ್ದರೆ ಬ್ಯಾಂಕಿನ ಒಟಿಪಿಯೂ ಬರುವುದಿಲ್ಲ. ಹೊರಡುವುದಕ್ಕೆ ಎರಡು ದಿನ ಮೊದಲೇ ಕಂಪನಿಯ ಆ್ಯಪ್‌ನಲ್ಲೋ ಕಸ್ಟಮರ್ ಕೇರ್‌ನಲ್ಲೋ ಕೇಳಿ ಮಾಡಿಸಿಕೊಳ್ಳಿ.

2. ಎರಡನೆಯದು ಫೋನಿನೊಳಗಿನ ಸ್ವಿಚ್. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ತೆರೆದು ‘ಡೇಟಾ ರೋಮಿಂಗ್’ ಆಫ್ ಮಾಡಿ. ರೋಮಿಂಗ್ ಪ್ಯಾಕ್ ಹಾಕಿಸಿದವರು ಮಾತ್ರ ಆನ್ ಇಡಿ. ಅವರೂ ವಾಟ್ಸ್‌ಆ್ಯಪ್ ಬ್ಯಾಕಪ್, ಫೋಟೊ ಸಿಂಕ್, ಆ್ಯಪ್ ಅಪ್‌ಡೇಟ್ ಮೂರನ್ನೂ ವೈಫೈಗಷ್ಟೇ ಬಿಡಬೇಕು. ನೀವು ಫೋನ್ ಮುಟ್ಟದಿದ್ದರೂ ಡೇಟಾ ತಿನ್ನುವುದು ಮುಖ್ಯವಾಗಿ ಈ ಮೂರು.

3. ಎರಡು ಸಿಮ್‌ಗೂ ಕೆಲಸ ಹಂಚಿ. ಕರೆ, ಒಟಿಪಿಗೆ ಭಾರತದ ಸಿಮ್. ಡೇಟಾಕ್ಕೆ ಆ ದೇಶದ ಸಿಮ್ ಅಥವಾ ಇ-ಸಿಮ್. ಇಷ್ಟು ಮಾಡಿಯೂ ಬಿಲ್ ಏರಿಸಿಕೊಳ್ಳುವವರಿದ್ದಾರೆ, ಏಕೆಂದರೆ ಐಫೋನ್‌ನಲ್ಲೂ ಹಲವು ಆ್ಯಂಡ್ರಾಯ್ಡ್ ಫೋನ್‌ಗಳಲ್ಲೂ ‘ಡೇಟಾ ಸ್ವಿಚಿಂಗ್’ ಎಂಬ ಆಯ್ಕೆ ಇದೆ. ಒಂದು ಸಿಮ್‌ನ ಸಿಗ್ನಲ್ ಕುಂದಿದರೆ ಫೋನ್ ತಾನಾಗಿ ಇನ್ನೊಂದರ ಡೇಟಾ ಬಳಸುತ್ತದೆ. ಅದನ್ನು ಹುಡುಕಿ ಆಫ್ ಮಾಡಿ.

4. ನೆಟ್‌ವರ್ಕನ್ನು ನೀವೇ ಆರಿಸಿ. ಪ್ಯಾಕ್ ಇದ್ದವರಿಗೆ ಇದು ಎಲ್ಲಕ್ಕಿಂತ ಮುಖ್ಯ ಎಂದೇ ನನ್ನ ಅಭಿಪ್ರಾಯ. ಪ್ಯಾಕ್ ನಡೆಯುವುದು ನಿಮ್ಮ ಕಂಪನಿ ಒಪ್ಪಂದ ಮಾಡಿಕೊಂಡ ಜಾಲಗಳಲ್ಲಿ ಮಾತ್ರ. ದುಬೈನಲ್ಲಿ e& (ಹಿಂದಿನ ಎತಿಸಲಾತ್), ಡು ಎಂಬ ಎರಡು ಜಾಲಗಳಿವೆ. ‘ಆಟೊಮ್ಯಾಟಿಕ್’ ಇಟ್ಟರೆ ಯಾವುದನ್ನು ಹಿಡಿಯಬೇಕೆಂದು ನಿರ್ಧರಿಸುವವರು ನೀವಲ್ಲ. ಪ್ಯಾಕ್ ಕೊಳ್ಳುವಾಗಲೇ ಪಾಲುದಾರ ಜಾಲಗಳ ಹೆಸರು ಬರೆದಿಟ್ಟುಕೊಳ್ಳಿ. ಇಳಿದ ಮೇಲೆ ‘ನೆಟ್‌ವರ್ಕ್ ಆಪರೇಟರ್ಸ್’ನಲ್ಲಿ ಆಟೊಮ್ಯಾಟಿಕ್ ಆಫ್ ಮಾಡಿ, ಹುಡುಕಾಟಕ್ಕೆ ಒಂದೆರಡು ನಿಮಿಷ ಕೊಟ್ಟು, ಪಟ್ಟಿಯಿಂದ ಆ ಹೆಸರನ್ನು ಒತ್ತಿ. ಆ ಜಾಲವಿಲ್ಲದ ಜಾಗಕ್ಕೆ ಹೋದರೆ ಫೋನ್ ಬೇರೆಯದಕ್ಕೆ ಹಾರುವುದಿಲ್ಲ. ಆಗ ಮತ್ತೆ ಕೈಯಾರೆ ಬದಲಿಸಬೇಕು.

5. ವೋಲ್ಟಿ (4ಜಿ ಜಾಲದಲ್ಲೇ ಕರೆ ಸಾಗಿಸುವ ವ್ಯವಸ್ಥೆ) ಆನ್ ಇರಲಿ. ಅಮೆರಿಕದಲ್ಲಿ ಎಟಿ ಆ್ಯಂಡ್ ಟಿ, ವೆರಿಝಾನ್, ಟಿ-ಮೊಬೈಲ್ ಮೂರೂ 2022ರಲ್ಲೇ 3ಜಿ ಮುಚ್ಚಿದವು. ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿ ಅದು 2024ರಲ್ಲಿ ಮುಗಿಯಿತು. ಅಲ್ಲೆಲ್ಲ ಕರೆ ಸಾಗುವುದು ಮುಖ್ಯವಾಗಿ 4ಜಿಯ ವೋಲ್ಟಿ ಮೂಲಕವೇ. ನಿಮ್ಮ ಸಿಮ್‌ಗೆ ವೋಲ್ಟಿ ರೋಮಿಂಗ್ ಇದೆಯೇ ಎಂದು ಕಂಪನಿಯನ್ನು ಕೇಳಿ. ಇಲ್ಲವೆಂದರೆ ಸಿಗ್ನಲ್ ಕಡ್ಡಿ ತುಂಬಿದ್ದರೂ ಕರೆ ಹೋಗದಿರಬಹುದು.

6. ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ಸಿಮ್ ಸಾಕು. ಐರೋಪ್ಯ ಒಕ್ಕೂಟದ ದೇಶಗಳ ನಡುವಿನ ಹೆಚ್ಚುವರಿ ರೋಮಿಂಗ್ ಶುಲ್ಕ 2017ರ ಜೂನ್ 15ರಂದು ರದ್ದಾಯಿತು. ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ರೋಮ್‌ನಲ್ಲೂ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ, ಜಾಗ್ರತೆ.

7. ಹಡಗು, ವಿಮಾನಗಳಲ್ಲಿ ಏರ್‌ಪ್ಲೇನ್ ಮೋಡ್. ಅಲ್ಲಿನ ಜಾಲ ಉಪಗ್ರಹದ್ದು, ಬಹುತೇಕ ಸಾಮಾನ್ಯ ಪ್ಯಾಕ್‌ಗಳ ಲೆಕ್ಕಕ್ಕೆ ಬರುವುದಿಲ್ಲ, ದರವೋ ವಿಪರೀತ.

8. ಪ್ಯಾಕ್ ಇಲ್ಲದಿದ್ದರೆ ಬರುವ ಕರೆ ಎತ್ತಿದರೂ ಹಣ ಹೋಗುತ್ತದೆ. ಕಾಲ್ ಫಾರ್ವರ್ಡಿಂಗ್‌ಗೂ ಹಾಗೆಯೇ, ಇದ್ದರೆ ಊರಲ್ಲಿರುವಾಗಲೇ ತೆಗೆಸಿ. ಭಾರತದ ನಂಬರ್‌ಗಳನ್ನೆಲ್ಲ +91 ಸೇರಿಸಿ ಉಳಿಸಿಕೊಳ್ಳಿ. ಒಬ್ಬರೇ ಪ್ರಯಾಣ ಮಾಡುವ ಹಿರಿಯರಿದ್ದರೆ ಮಕ್ಕಳ ನಂಬರನ್ನು, ಆ ದೇಶದ ಕೋಡ್ ಸಹಿತ, ಒಂದು ಚೀಟಿಯಲ್ಲೂ ಬರೆದುಕೊಡಿ.

9. ಊರಿಗೆ ಮರಳಿದ ಮೇಲೂ ‘ನೋ ಸರ್ವಿಸ್’ ತೋರಿಸುತ್ತಿದ್ದರೆ ಸಿಮ್ ಕೆಟ್ಟಿತೆಂದು ಅಂಗಡಿಗೆ ಓಡಬೇಡಿ. ಫೋನ್ ಇನ್ನೂ ಆ ದೇಶದ ಜಾಲವನ್ನೇ ಹುಡುಕುತ್ತಿರಬಹುದು. ನೆಟ್‌ವರ್ಕ್ ಆಯ್ಕೆಯನ್ನು ‘ಆಟೊಮ್ಯಾಟಿಕ್’ಗೆ ತಂದು ಒಮ್ಮೆ ರೀಸ್ಟಾರ್ಟ್ ಮಾಡಿ.