ಎಂಜಿನ್‌ಗಿಂತ ಮೊದಲು ಪಂಜರಕ್ಕೆ ದುಡ್ಡು

ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಮಾರಿ ರೊಕ್ಕ ಬಂದಾಗ, ಕಬ್ಬಿನ ಬಿಲ್ಲು ಆದಾಗ ಹಳೆ ಕಾರುಗಳ ವ್ಯಾಪಾರವೂ ಜೋರಾಗುತ್ತದೆ. ಅವುಗಳ ನಡುವೆ ಮಾರುತಿ ಎಸ್ಟೀಮ್ ಕಂಡರೆ ರೇಸಿನ ಹುಚ್ಚಿರುವ ಹುಡುಗರಿಗೆ ಕೈ ಕಟ್ಟಿ ನಿಲ್ಲಲಾಗುವುದಿಲ್ಲ. 1994ರಿಂದ 2007ರವರೆಗೆ ತಯಾರಾದ, 1.3 ಲೀಟರ್ ಎಂಜಿನ್ನಿನ ಈ ಹಗುರ ಸೆಡಾನ್ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ವರ್ಷಗಟ್ಟಲೆ ಓಡಿದೆ. ನಾನೂ ಒಂದು ಎಸ್ಟೀಮ್ ಕೊಂಡು ರೇಸಿಗೆ ಸಜ್ಜು ಮಾಡಿಸಿದೆ. ಒಟ್ಟು ಖರ್ಚಿನಲ್ಲಿ ಕಾರಿನ ಬೆಲೆಯೇ ಚಿಕ್ಕ ಪಾಲು.

ದೊಡ್ಡ ಪಾಲು ಹೋದದ್ದು ಚಾಲಕನನ್ನು ಕಾಯುವ ಉಕ್ಕಿನ ಪಂಜರಕ್ಕೆ. ಸೀಟು, ಕಾರ್ಪೆಟ್ಟು ಕಿತ್ತು ಬರೀ ತಗಡಾಗಿದ್ದ ಕಾರಿನೊಳಗೆ ಕೂತು ಅಳತೆ ಹಿಡಿಯುತ್ತಿದ್ದ ಫಿಟರ್, 'ಸರ್, ಗ್ರಿಲ್ಲಿನ ಪೈಪ್ ಹಾಕಿದ್ರ ಅರ್ಧಾ ರೊಕ್ಕಾ ಉಳಿತದ್ರಿ' ಅಂದ. ಅವನ ಕಾಳಜಿ ನಿಜವಾದದ್ದೇ. ಆದರೆ ಅಂತರರಾಷ್ಟ್ರೀಯ ನಿಯಮ ಕೇಳುವುದು ಬೆಸುಗೆ ಗೆರೆಯೇ ಇಲ್ಲದ ಉಕ್ಕಿನ ಕೊಳವೆ. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ. ಕಾರು ಪಲ್ಟಿ ಹೊಡೆದಾಗ ತಲೆ ಉಳಿಸುವುದು ಆ ದಪ್ಪವೇ. ಇಲ್ಲಿ ಚೌಕಾಸಿ ಸಲ್ಲದು.

ಎಂಜಿನ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಮಾರ್ಪಾಡಿಗೆ ಕಡಿಮೆ ಅವಕಾಶವಿರುವ ರೇಸಿನ ವರ್ಗದಲ್ಲಿ ನಿಂತು ಕ್ಯಾಮ್‌ಶಾಫ್ಟ್ ಬದಲಿಸಿದರೆ ತಪಾಸಣೆಯಲ್ಲೇ ಹೊರಗೆ ಬೀಳುತ್ತೀರಿ, ಇಲ್ಲವೇ ಮೇಲಿನ ವರ್ಗಕ್ಕೆ ಹೋಗಿ ನಿಮಗಿಂತ ದಪ್ಪ ಜೇಬಿನವರ ಜೊತೆ ಸೆಣಸುತ್ತೀರಿ. ನಮ್ಮಂಥವರ ಗಂಟು ಕಾಯುವುದು ಕಡಿಮೆ ಮಾರ್ಪಾಡಿನ ವರ್ಗದ ನಿಯಮವೇ.

ಇನ್ನು ಪ್ರತಿ ಸಲದ ಖರ್ಚು. ಮೂಲ ವಿನ್ಯಾಸ ಬದಲಾದ ಕಾರನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ರಸ್ತೆಗೆ ಬಿಡುವುದಿಲ್ಲ. ಹಾಗಾಗಿ ಜೇವರ್ಗಿಯಿಂದ ಚೆನ್ನೈಗೆ ಲಾರಿಯ ಮೇಲೆ ಹೋಗಿ ಬರಬೇಕು. ಮಾಮೂಲಿ ವಿಮೆ ರೇಸಿನಲ್ಲಾದ ನಷ್ಟ ಕಟ್ಟಿಕೊಡುವುದಿಲ್ಲ. ಟೈರು ಸವೆಯುವ ಲೆಕ್ಕ ಬೇರೆ. ಅದಕ್ಕೇ ರೇಸಿನ ದುಡ್ಡಿಗೆ ಬೇರೆ ಖಾತೆ ಇಟ್ಟಿದ್ದೇನೆ. ಅದು ಖಾಲಿಯಾದರೆ ಆ ಋತು ಮುಗಿದಂತೆ. ಬೆಳೆಸಾಲದ ರೊಕ್ಕ ಅದರ ಹತ್ತಿರವೂ ಸುಳಿಯುವುದಿಲ್ಲ.

ಯಾವ ಕಾರು ಯಾವ ವರ್ಗಕ್ಕೆ ಸಲ್ಲುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಹಳೆ ಕಾರಿಗೆ ಮುಂಗಡ ಕೊಡುವ ಮೊದಲು ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾದ ಆ ವರ್ಷದ ನಿಯಮ ತರಿಸಿಕೊಂಡು, ನಿಮ್ಮ ಫಿಟರ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.