ದ್ರಾಕ್ಷಿಯ ಮದ್ದು ಅಡಿಕೆಯ ತೋಟದಲ್ಲಿ

ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿಯು ಅಡಿಕೆ, ಮೆಣಸುಗಳ ಸೀಮೆ, ದ್ರಾಕ್ಷಿಯದಲ್ಲ. ದ್ರಾಕ್ಷಿಗೆ ವಿಜಯಪುರದ ಒಣಹವೆಯೇ ಹಿತ. ಆದರೂ ಮಳೆಗಾಲ ಬಂತೆಂದರೆ ಇಲ್ಲಿಯ ಅಡಿಕೆಕೊನೆಗಳಿಗೆ ಸಿಂಪಡಿಸುವ ಮೈಲುತುತ್ತದ ದ್ರಾವಣವು ಹುಟ್ಟಿದ್ದು ದ್ರಾಕ್ಷಿತೋಟದಲ್ಲಿಯೇ ಎಂಬುದನ್ನು ವಾಚಕರು ಗಮನಿಸಬೇಕು.

1878ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿಗೆ ಅಮೆರಿಕದಿಂದ ಬೂಜುತುಪ್ಪಟ ರೋಗ ಬಂದಿತು. ಎಲೆಯ ಮೇಲೆ ಎಣ್ಣೆ ಬಿದ್ದಂತಹ ಹಳದಿ ಮಚ್ಚೆ, ಅಡಿಯಲ್ಲಿ ಬಿಳಿಯ ತುಪ್ಪಟ. ಕೆಲವೇ ದಿನಗಳಲ್ಲಿ ಎಲೆಯುದುರಿ ಬಳ್ಳಿ ಬೋಳಾಗುತ್ತಿತ್ತು. 1882ರಲ್ಲಿ ಬೋರ್ಡೋ ನಗರದ ಸಸ್ಯಶಾಸ್ತ್ರಜ್ಞ ಮಿಲ್ಲಾರ್ದೇ ಮೆದೋಕ್ ಪ್ರಾಂತದಲ್ಲಿ ಒಂದು ವಿಚಿತ್ರವನ್ನು ಕಂಡನು. ದಾರಿಯ ಬದಿಯ ಬಳ್ಳಿಗಳು ಮಾತ್ರ ಹಸುರಾಗಿದ್ದವು! ದಾರಿಹೋಕರು ಹಣ್ಣು ಕದಿಯದಂತೆ ಅವುಗಳಿಗೆ ತುತ್ತ, ಸುಣ್ಣಗಳ ಮಿಶ್ರಣವನ್ನು ಎರಚಿದ್ದರು. ಪ್ರಯೋಗಗಳನ್ನು ನಡೆಸಿ ಅವನು 1885ರಲ್ಲಿ ಫಲವನ್ನು ಪ್ರಕಟಿಸಿದನು. ಕಳ್ಳರಿಗಾಗಿ ಹೂಡಿದ ಉಪಾಯ ರೋಗವನ್ನು ಹಿಡಿಯಿತು.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ, ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ತೊರ ಎಂಬ ಜೀವಿ ಕಾರಣವೆಂದು ತೋರಿಸಿ ಇದೇ ಮದ್ದನ್ನು ಸೂಚಿಸಿದನು. ಎರಡು ರೋಗಗಳ ಜೀವಿಗಳೂ ದಾಯಾದಿಗಳೇ. ನೋಡಲು ಬೂಷ್ಟಿನಂತಿದ್ದರೂ ಇವು ನಿಜವಾದ ಶಿಲೀಂಧ್ರಗಳಲ್ಲ. ಇವುಗಳ ಬೀಜಕಣಗಳಿಗೆ ಬಾಲದಂತಹ ಎರಡು ಎಳೆಗಳುಂಟು. ಎಲೆಯ ಅಥವಾ ಕಾಯಿಯ ಮೇಲಿನ ನೀರಿನ ಪದರದಲ್ಲಿ ಅವು ಈಜುತ್ತವೆ. ಆ ನೀರಿನಲ್ಲಿ ತಾಮ್ರದ ಅಲ್ಪಾಂಶ ಕರಗಿದ್ದರೆ ಸಾಯುತ್ತವೆ. ಆದರೆ ಅಂಗಾಂಶದೊಳಕ್ಕೆ ಹೊಕ್ಕ ಎಳೆಯನ್ನು ತಾಮ್ರ ಮುಟ್ಟಲಾರದು. ಕೊಳೆ ಹತ್ತಿದ ಮೇಲೆ ಹೊಡೆದ ಮದ್ದು ಆ ಕಾಯಿಯನ್ನು ಉಳಿಸದು. ಆದುದರಿಂದಲೇ ಮೊದಲ ಸಿಂಪರಣೆ ಮುಂಗಾರಿಗೆ ಮುಂಚೆ, ಎರಡನೆಯದು ಸುಮಾರು 40–45 ದಿನಗಳ ತರುವಾಯ. ಮಳೆ ಬಿಡುವು ಕೊಡದ ವರ್ಷ ರೈತನ ಸಂಕಟವೆಲ್ಲ ಈ ಲೆಕ್ಕದಲ್ಲಿಯೇ ಇದೆ.

ಶೇಕಡ 1ರ ದ್ರಾವಣಕ್ಕೆ 1 ಕಿಲೋ ತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, ಬೇರೆ 50 ಲೀಟರಿನಲ್ಲಿ ಕದಡಿದ 1 ಕಿಲೋ ಸುಣ್ಣಕ್ಕೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಉಜ್ಜಿದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ; ಅಂತಹ ದ್ರಾವಣ ಎಳೆಯ ಅಂಗಾಂಶವನ್ನು ಸುಡುತ್ತದೆ. ಲೇಪ ಹತ್ತದವರೆಗೆ ಸುಣ್ಣದ ನೀರನ್ನು ಸೇರಿಸಿ, ಅದೇ ದಿನ ಬಳಸಬೇಕು.

ಮಲೆನಾಡಿನಲ್ಲಿಯೂ ಅಂಗಳದಲ್ಲಿ ದ್ರಾಕ್ಷಿಬಳ್ಳಿ ಹಬ್ಬಿಸುವ ಆಸೆಯುಳ್ಳವರು ಮಳೆ ನೇರ ಬೀಳದ, ಗಾಳಿಯಾಡುವ ಎಡೆಯನ್ನು ಆರಿಸಿ, ಉದುರಿದ ರೋಗದ ಎಲೆಗಳನ್ನು ತೆಗೆದು ಸುಡಬೇಕು. ಎಲೆಯ ಮೇಲ್ಭಾಗದಲ್ಲಿ ಬೂದಿ ಎರಚಿದಂತಿದ್ದರೆ ಮಾತ್ರ ಅದು ಬೇರೆಯೇ ರೋಗ, ಬೂದಿರೋಗ. ಅದರದು ನಿಜವಾದ ಶಿಲೀಂಧ್ರ. ಎಲೆ ಒದ್ದೆಯಾಗದಿದ್ದರೂ ಹಬ್ಬುತ್ತದೆ. ಅದಕ್ಕೆ ಹಳೆಯ ಮದ್ದು ಗಂಧಕ.