ಮೊದಲು ಮೊಲ, ಆಮೇಲೆ ಕೋಟು

ಚಿ. ಪುಟ್ಟಿಗೆ,

ಇನ್ನು ಮೇಲೆ ಮಕ್ಕಳ ಪುಸ್ತಕಗಳಿಗೇ ಚಿತ್ರ ಬಿಡಿಸುತ್ತೇನೆ ಎಂದು ನೀನು ಬರೆದದ್ದನ್ನು ಓದಿ ಮನಸ್ಸು ತುಂಬಿಬಂತು. ಜೊತೆಗೆ ಕಳಿಸಿದ ಹಾಳೆಗಳನ್ನೂ ನಿಧಾನವಾಗಿ ನೋಡಿದೆ. ಬಣ್ಣ ಹಿತವಾಗಿದೆ, ಗೆರೆಯಲ್ಲಿ ಹುರುಪಿದೆ. ಆದರೆ ನಿನ್ನ ಅಳಿಲು, ಮೊಲ, ಬೆಕ್ಕು ಮೂರಕ್ಕೂ ಒಂದೇ ಮುಖ. ಕಿವಿ ಬಾಲ ಬದಲಿಸಿದರೆ ಒಂದು ಇನ್ನೊಂದಾಗಿಬಿಡುತ್ತದೆ. ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ನಿನಗೆ ಅನ್ಯಾಯ ಮಾಡಿದಂತೆ. ಅದಕ್ಕೇ ಇವತ್ತು ಬಿಯಾಟ್ರಿಕ್ಸ್ ಪಾಟರ್ ವಿಷಯ ಬರೆಯುತ್ತಿದ್ದೇನೆ.

ಅವಳು ಬರೆದು ಬಿಡಿಸಿದ ನೀಲಿ ಕೋಟಿನ ಪೀಟರ್ ಮೊಲ ನಿನಗೆ ಗೊತ್ತು. ತೋಟದೊಡೆಯ ಮೆಕ್‌ಗ್ರೆಗರ್ ಅಟ್ಟಿಸಿಕೊಂಡು ಬರುವ ಪುಟಗಳನ್ನು ಮತ್ತೊಮ್ಮೆ ತೆಗೆದು ನೋಡು. ಬೂಟು ಕಳಚಿಬಿದ್ದ ಮೇಲೆ ಪೀಟರ್ ನಾಲ್ಕೂ ಕಾಲೂರಿ ಓಡುತ್ತಾನೆ, ಓಟಕ್ಕೆ ವೇಗ ಬರುವುದು ಆಗಲೇ. ಆಮೇಲೆ ಕೋಟೂ ಹೋಗುತ್ತದೆ, ಉಳಿಯುವುದು ಅಪ್ಪಟ ಮೊಲ. ಬೆನ್ನಿನ ಬಾಗು, ಮಡಿಸಿದ ಹಿಂಗಾಲು, ಹಿಂದಕ್ಕೆ ಒರಗಿದ ಕಿವಿ ಎಲ್ಲವೂ ಕರಾರುವಾಕ್ಕು. ಕೋಟು ಅಷ್ಟು ಸಹಜವಾಗಿ ಕೂತದ್ದೂ ಅದರೊಳಗೆ ನಿಜವಾದ ಮೈಯೊಂದು ಇದ್ದದ್ದರಿಂದಲೇ.

ಆ ಕೈ ಪಳಗಿದ್ದು ಹೇಗೆ ಗೊತ್ತೆ? ಬಿಯಾಟ್ರಿಕ್ಸ್ 1866ರಲ್ಲಿ ಲಂಡನ್ನಿನ ಸ್ಥಿತಿವಂತರ ಮನೆಯಲ್ಲಿ ಹುಟ್ಟಿದವಳು. ಅವಳನ್ನು ಶಾಲೆಗೆ ಕಳಿಸಲಿಲ್ಲ, ಗವರ್ನೆಸ್ ಮನೆಗೇ ಬಂದು ಪಾಠ ಹೇಳುತ್ತಿದ್ದಳು. ಓದುವ ಕೋಣೆಯಲ್ಲಿ ಅವಳೂ ತಮ್ಮ ಬರ್ಟ್ರಮ್‌ನೂ ಮೊಲ, ಇಲಿ, ಹಲ್ಲಿ, ಕಪ್ಪೆ, ಬಾವಲಿಗಳನ್ನು ಸಾಕಿದ್ದರು. ಸತ್ತ ಪ್ರಾಣಿಗಳನ್ನು ಕುದಿಸಿ, ಎಲುಬು ಬಿಡಿಸಿ, ಜೋಡಣೆ ಹೇಗಿದೆಯೆಂದು ನೋಡುತ್ತಿದ್ದರು. ಹೇಸಬೇಡ ಮಗೂ, ಮಾಂಸ ಮೂಳೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದರಿಂದಲೇ ಅವಳ ಪ್ರಾಣಿಗಳು ಕಾಗದದ ಮೇಲೆ ಉಸಿರಾಡುತ್ತವೆ. ಪೀಟರನ ಅಪ್ಪ ಮೆಕ್‌ಗ್ರೆಗರನ ಹೆಂಡತಿಯ ಕೈಯಲ್ಲಿ ಅಡುಗೆಯಾದ ಸಂಗತಿಯನ್ನೂ ಅವಳು ಮಕ್ಕಳಿಂದ ಮರೆಮಾಚಲಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅವಳ ಅಣಬೆ ಚಿತ್ರಗಳು. ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ ಚಾರ್ಲ್ಸ್ ಮೆಕಿಂಟಾಷ್ ಎಂಬ ಅಂಚೆಯವನಿದ್ದ. ಕಾಗದ ಹಂಚಲು ಮೈಲುಗಟ್ಟಲೆ ನಡೆಯುತ್ತ ಆ ಸೀಮೆಯ ಗಿಡ, ಪಾಚಿ, ಅಣಬೆಗಳನ್ನೆಲ್ಲ ಅರಿತವನು. ಬಿಯಾಟ್ರಿಕ್ಸ್ ಅವನಿಗೆ ಚಿತ್ರ ತೋರಿಸಿದಳು. ಅವನು ಅಣಬೆಗಳ ಮಾದರಿ ಕಳಿಸಿಕೊಟ್ಟ, ಹೇಗೆ ಬಿಡಿಸಿದರೆ ಶಾಸ್ತ್ರಕ್ಕೆ ಸರಿಹೋಗುತ್ತದೆಂದು ಹೇಳಿಕೊಟ್ಟ. ಅವಳು ಕೊಡೆಯನ್ನು ಸೀಳಿ ಒಳಗಿನ ಪದರ ಬಿಡಿಸಿದಳು, ಸೂಕ್ಷ್ಮದರ್ಶಕದಡಿ ಬೀಜಕಣ ಮೊಳೆಯುವುದನ್ನು ಕಾದು ನೋಡಿದಳು. ಅದರ ಮೇಲೆ ಬರೆದ ಪ್ರಬಂಧ 1897ರ ಏಪ್ರಿಲ್ 1ರಂದು ನಿಸರ್ಗವಿಜ್ಞಾನಿಗಳ ಸಂಘವಾದ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಮುಂದೆ ಬಂತು. ಹೆಂಗಸರಿಗೆ ಆ ಸಭೆಯೊಳಗೆ ಪ್ರವೇಶವಿರಲಿಲ್ಲ, ಅವಳ ಪರವಾಗಿ ಕ್ಯೂ ಉದ್ಯಾನದ ಜಾರ್ಜ್ ಮಸ್ಸೀ ಅದನ್ನು ಮಂಡಿಸಬೇಕಾಯಿತು. ಆ ಪ್ರಬಂಧ ಅಚ್ಚಾಗಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಚಿತ್ರಗಳು ಮಾತ್ರ ಉಳಿದವು. 1967ರಲ್ಲಿ ಅಣಬೆಗಳ ಕೈಪಿಡಿಯೊಂದು ಹೊರಬಂದಾಗ ತಜ್ಞರು ಅದಕ್ಕೆ ಬಳಸಿದ್ದು ಅವಳ ಚಿತ್ರಗಳನ್ನು.

ಪೀಟರ್ ಹುಟ್ಟಿದ್ದೂ ಇದೇ ಕಾಲದಲ್ಲಿ, ಪುಸ್ತಕವಾಗಿ ಅಲ್ಲ, ಕಾಗದವಾಗಿ. ಹಳೆಯ ಗವರ್ನೆಸ್ಸಿನ ಮಗ ನೋಯೆಲ್ ಕಾಯಿಲೆ ಬಿದ್ದಿದ್ದ. ಅವನನ್ನು ನಗಿಸಲು 1893ರ ಸೆಪ್ಟೆಂಬರಿನಲ್ಲಿ ನಾಲ್ಕು ಮೊಲಮರಿಗಳ ಕಥೆಯನ್ನು ಚಿತ್ರಸಮೇತ ಬರೆದು ಕಳಿಸಿದಳು. ಮುಂದೆ ಪ್ರಕಾಶಕರು ಬೇಡವೆಂದಾಗ 1901ರಲ್ಲಿ ತಾನೇ 250 ಪ್ರತಿ ಅಚ್ಚು ಹಾಕಿಸಿದಳು. ಮರುವರ್ಷ ಫ್ರೆಡರಿಕ್ ವಾರ್ನ್ ಕಂಪನಿ ಅದನ್ನು ಬಣ್ಣದಲ್ಲಿ ತಂದಿತು. ಮಕ್ಕಳ ಪುಟ್ಟ ಕೈಗೆ ಹಿಡಿಸುವ ಅಳತೆ ಇರಬೇಕು, ಬೆಲೆ ಕಡಿಮೆ ಇರಬೇಕು ಎನ್ನುವುದು ಅವಳ ಹಟ. ನೀನೂ ಕಥೆ ಬರೆಯುವಾಗ ಗೊತ್ತಿರುವ ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡು ಬರಿ. ‘ಎಲ್ಲ ಮಕ್ಕಳಿಗೂ’ ಎಂದು ಹೊರಟರೆ ಕಥೆ ಯಾರನ್ನೂ ಮುಟ್ಟುವುದಿಲ್ಲ.

1905ರಲ್ಲಿ ಅವಳು ಮದುವೆಯಾಗಬೇಕಿದ್ದ, ಆ ಪ್ರಕಾಶಕರ ಮನೆಯ ನಾರ್ಮನ್ ವಾರ್ನ್, ನಿಶ್ಚಯವಾದ ತಿಂಗಳೊಪ್ಪತ್ತಿನಲ್ಲೇ ತೀರಿಹೋದ. ಅದೇ ವರ್ಷ ಲೇಕ್ ಡಿಸ್ಟ್ರಿಕ್ಟಿನ ನಿಯರ್ ಸಾರಿ ಎಂಬ ಹಳ್ಳಿಯಲ್ಲಿ ಹಿಲ್ ಟಾಪ್ ಎಂಬ ಜಮೀನು, ಮನೆ ಅವಳ ಕೈಗೆ ಬಂತು. ಅಷ್ಟು ದೊಡ್ಡ ದುಃಖದ ಬೆನ್ನಿಗೇ ಅವಳು ಮಣ್ಣಿಗೆ ಕೈ ಹಾಕಿದಳು. ನೆರೆಹೊರೆಯ ಹೆಂಗಸರು ತಮ್ಮ ಹಿತ್ತಿಲಿನಿಂದ ಗಿಡ, ಗಡ್ಡೆ ತಂದುಕೊಟ್ಟರು. ಹೂವಿನ ನಡುವೆಯೇ ತರಕಾರಿ, ಹಣ್ಣಿನ ಗಿಡಗಳೂ ಬೆಳೆಯುವ ಹಳ್ಳಿತೋಟ ಅದು. ನಮ್ಮ ಹಿತ್ತಿಲಲ್ಲಿ ಕನಕಾಂಬರದ ಪಕ್ಕ ಬದನೆ ಇದ್ದಂತೆ. ಆ ತೋಟವೇ ನೇರವಾಗಿ ಪುಸ್ತಕಗಳೊಳಗೆ ಬಂತು. 1908ರಲ್ಲಿ ಬಂದ ಪುಸ್ತಕದಲ್ಲಿ ಜೆಮೈಮಾ ಬಾತುಕೋಳಿ ಮೊಟ್ಟೆ ಬಚ್ಚಿಡಲು ನೋಡುವ ರೂಬಾರ್ಬ್ ಪಾತಿ ಹಿಲ್ ಟಾಪಿನದೇ. ಟಾಮ್ ಬೆಕ್ಕಿನಮರಿ ಓಡಾಡುವ ದಾರಿಯೂ ಅಲ್ಲಿಯದೇ. ಅವಳು ಊರು ಕಟ್ಟಿ ಕಥೆ ಹೇಳಲಿಲ್ಲ, ಇದ್ದ ಊರನ್ನೇ ಬಿಡಿಸಿದಳು.

1913ರಲ್ಲಿ ವಿಲಿಯಂ ಹೀಲಿಸ್ ಎಂಬ ವಕೀಲರನ್ನು ಮದುವೆಯಾದ ಮೇಲೆ ಪುಸ್ತಕಗಳು ವಿರಳವಾದವು. ಅವಳ ಗಮನವೆಲ್ಲ ಜಮೀನು ಮತ್ತು ಹರ್ಡ್‌ವಿಕ್ ಎಂಬ ಬೆಟ್ಟದ ಕುರಿತಳಿಯ ಕಡೆ ತಿರುಗಿತು. ಕಲಾವಿದೆ ಕಳೆದುಹೋದಳೆಂದು ಮರುಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೊಲದ ಹಿಂಗಾಲನ್ನು ಆಸ್ಥೆಯಿಂದ ನೋಡಿದ ಕಣ್ಣೇ ಕುರಿಯ ಉಣ್ಣೆಯನ್ನೂ ನೋಡಿತು. ಪುಸ್ತಕದ ಹಣದಿಂದ ಅವಳು ಒಂದೊಂದೇ ಜಮೀನು ಕೊಂಡಳು. 1943ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಗೂ ಹೆಚ್ಚು ನೆಲವನ್ನು, ಇಂಥ ನೆಲವನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಬರೆದಿಟ್ಟಿದ್ದಳು. ಅವಳ ಚಿತ್ರಗಳಲ್ಲಿರುವ ಗುಡ್ಡ, ಕಲ್ಲುಗೋಡೆಗಳನ್ನು ಇವತ್ತಿಗೂ ಅಲ್ಲಿ ಹೋಗಿ ನೋಡಬಹುದು.

ಈಗ ನಿನ್ನ ಕೆಲಸಕ್ಕೆ ಬರೋಣ. ಸದ್ಯಕ್ಕೆ ಕಥೆ ಪಕ್ಕಕ್ಕಿಡು. ಕಂಪ್ಯೂಟರಿನಲ್ಲಿ ಇತರರ ಅಳಿಲುಗಳನ್ನು ನೋಡುವುದನ್ನೂ ಬಿಡು. ನಿಮ್ಮ ಹಿತ್ತಿಲ ಸೀಬೆಮರದ ಕೆಳಗೆ ಬೆಳಿಗ್ಗೆ ಹೋಗಿ ಸುಮ್ಮನೆ ಕೂತುಕೋ. ಅಳಿಲು ತಲೆಕೆಳಗಾಗಿ ಇಳಿಯುವಾಗ ಹಿಂಗಾಲಿನ ಪಾದ ಯಾವ ಕಡೆಗೆ ತಿರುಗಿರುತ್ತದೆ, ಉಗುರು ತೊಗಟೆಯನ್ನು ಎಲ್ಲಿ ಕಚ್ಚಿಕೊಳ್ಳುತ್ತದೆ, ಬಾಲ ಆಗ ಏನು ಮಾಡುತ್ತದೆ, ಇಷ್ಟನ್ನು ಪೆನ್ಸಿಲಿನಲ್ಲಿ ಬಿಡಿಸು. ಆ ಹಾಳೆಗಳನ್ನು ನನಗೆ ಕಳಿಸು. ತಪ್ಪಿ ಅಳಿಸಿದ ಗೆರೆಗಳೂ ಇರಲಿ, ನನಗೆ ಅವೂ ಬೇಕು.

ಇತಿ,
ನಿನ್ನ ದೊಡ್ಡಮ್ಮ